ಗಿಣಿಯ ಕಣ್ಣಿಂದ ಬಂದ ಹಬೆ

ಮೇ ತಿಂಗಳ ಎರಡನೇ ಭಾನುವಾರ. ಒಂದನೇ ಪೈ. ಮೈದಾ ಇನ್ನೂರೈವತ್ತು ಗ್ರಾಂ, ಬೆಣ್ಣೆ ನೂರಿಪ್ಪತ್ತೈದು, ಐಸ್ ನೀರು ಐದು ಚಮಚ. ಫಲಿತಾಂಶ: ತಿರಸ್ಕೃತ.

ಡೈರಿಯಲ್ಲಿ ಹಾಗೇ ಬರೆದಿದ್ದೇನೆ. ಅದು ಕಾರ್ಖಾನೆಯ ಮಾತು. ಮಾಲೂರಿನ ಒಂದು ಕಾರ್ಖಾನೆಯಲ್ಲಿ ವಾಹನಗಳ ಸಣ್ಣ ಬಿಡಿಭಾಗಗಳನ್ನು ವರ್ನಿಯರ್‌ನಿಂದ ಅಳೆದು, ಅಳತೆ ಬರೆದು, ಸ್ವೀಕೃತವೋ ತಿರಸ್ಕೃತವೋ ಎಂದು ಗುರುತು ಹಾಕುವುದು ನನ್ನ ಕೆಲಸ. ಬರೆಯುವ ಅಭ್ಯಾಸ ಅದಕ್ಕಿಂತ ಹಳೆಯದು. ಹೈಸ್ಕೂಲಿನಿಂದ ಒಂದು ದಿನವೂ ಬಿಡದೆ ಡೈರಿ ಇಟ್ಟಿದ್ದೇನೆ, ಮಳೆ ಎಷ್ಟು ಹೊತ್ತು ಬಂತು, ಬಸ್ಸು ಎಷ್ಟು ನಿಮಿಷ ತಡ ಎನ್ನುವುದೂ ಸೇರಿ.

ಪೈ ಮಾಡಲು ಹೊರಟದ್ದು ಅಕ್ಕನ ಮಗಳಿಗಾಗಿ. ಅಕ್ಕನನ್ನು ಯಲ್ದೂರಿಗೆ ಕೊಟ್ಟಿದೆ. ಭಾವನದು ಮಾವಿನ ತೋಟ. ಅವರ ಮಗಳಿಗೆ ಮೇ ಕೊನೆಯ ಭಾನುವಾರ ಆರು ತುಂಬುವುದಿತ್ತು. ಫೋನಿನಲ್ಲಿ ಯಾವುದೋ ಕಾರ್ಟೂನು ನೋಡಿ, "ಚಿಕ್ಕಮ್ಮ, ನಂಗೆ ಕೇಕ್ ಬೇಡ. ಮುಚ್ಚಳ ಇರುತ್ತಲ್ಲ, ಒಳಗೆ ಹಣ್ಣು, ಅದು ಬೇಕು" ಎಂದಿದ್ದಳು. ಹುಡುಕಿದಾಗ ಅದು ಪೈ ಎಂದು ತಿಳಿಯಿತು. ಬೆಣ್ಣೆ ಬೆರೆಸಿದ ಮೈದಾಹಿಟ್ಟಿನ ಒಂದು ಹಾಳೆ ಕೆಳಗೆ, ಒಂದು ಮೇಲೆ, ನಡುವೆ ಹಣ್ಣಿನ ಹೂರಣ, ಓವನ್ನಿನಲ್ಲಿ ಬೇಯಿಸುವುದು. ಮೇಲಿನ ಹಾಳೆಯ ಮೇಲೆ ಚಿತ್ತಾರ ಮಾಡುತ್ತಾರೆ. ಅಮ್ಮನಿಗೆ ವಿಡಿಯೋ ತೋರಿಸಿದೆ. "ಒಬ್ಬಟ್ಟಿಗೆ ಒಡವೆ ಹಾಕಿದ್ದಾರೆ" ಎಂದಳು.

ಭಾವ ಎರಡು ಪೆಟ್ಟಿಗೆ ಹಣ್ಣು ಕಳಿಸಿದ್ದ. ಬಾದಾಮಿ ಮಾವಿನ ತಿರುಳಿಗೆ ಅರೆಮಾಗಿದ ತೋತಾಪುರಿಯ ಹೋಳು ಸೇರಿಸಿದರೆ ಸಿಹಿಗೆ ಹುಳಿ ಸರಿಹೋಗುತ್ತದೆ, ಹೋಳು ಬೆಂದರೂ ಕರಗುವುದಿಲ್ಲ. ಏಲಕ್ಕಿ, ಚೂರು ಶುಂಠಿ, ರಸ ಗಟ್ಟಿಯಾಗಲು ಎರಡು ಚಮಚ ಕಾರ್ನ್‌ಫ್ಲೋರ್. ಹೂರಣ ಮೊದಲ ಸಲವೇ ಚೆನ್ನಾಗಿ ಬಂತು. ಕೈಕೊಟ್ಟದ್ದು ಮೇಲಿನ ಹಾಳೆ. ಹಿಟ್ಟನ್ನು ಪಟ್ಟಿಗಳಾಗಿ ಕತ್ತರಿಸಿ ಚಾಪೆಯ ಹಾಗೆ ಹೆಣೆಯಲು ಹೋದೆ. ಮೇ ತಿಂಗಳ ಸೆಕೆಗೆ ಬೆಣ್ಣೆ ಕರಗಿ ಪಟ್ಟಿಗಳು ಜೋತುಬಿದ್ದವು, ಬೆಂದಾಗ ಅರ್ಧ ಒಳಗೆ ಮುಳುಗಿದವು.

ಅಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

"ಏನಮ್ಮ ಇದು, ತೋಟಕ್ಕೆ ಬೇಲಿ ಹಾಕಿದಂಗಿದೆ. ಮೇಕೆ ನುಗ್ಗಿ ಹೋಗಿದೆ ನೋಡು."

"ಮೊದಲನೇ ಸಲ ಅಪ್ಪ."

"ಆ ಮೂರನೇ ಪಟ್ಟಿ ಅಗಲ ಆಗಿದೆ. ಅದಕ್ಕೇ ಮಿಕ್ಕಿದ್ದೆಲ್ಲ ಓರೆ."

ಅಪ್ಪ ಹೋದ ಮೇಲೆ ವರ್ನಿಯರ್ ತಂದು ಅಳೆದೆ. ಮೂರನೇ ಪಟ್ಟಿ ಉಳಿದವಕ್ಕಿಂತ ಎರಡು ಮಿಲಿಮೀಟರು ಅಗಲ. ಅಪ್ಪ ನಿಂತಿದ್ದದ್ದು ಆರಡಿ ದೂರದಲ್ಲಿ. ಕನ್ನಡಕ ಜೇಬಿನಲ್ಲಿತ್ತು.

ಇದನ್ನು ನಾನು ಕೆಳಗೆ ಎರಡು ಗೆರೆ ಎಳೆದು ಬರೆದುಕೊಳ್ಳಲು ಕಾರಣವಿದೆ.

ನಮ್ಮದು ಶಿವಾರಪಟ್ಟಣ, ಕಲ್ಲು ಕೆತ್ತುವವರ ಊರು. ಇಲ್ಲಿ ಉಳಿಯ ಸದ್ದು ಯಾರ ಗಮನಕ್ಕೂ ಬರುವುದಿಲ್ಲ, ನಿಂತಾಗ ಮಾತ್ರ ಕೇಳಿಸುತ್ತದೆ. ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ಅದು ನಿಂತು ಎರಡು ತಿಂಗಳ ಮೇಲಾಗಿತ್ತು. ಮಾರ್ಚ್ ಮೊದಲ ವಾರ ಅಪ್ಪನ ಬಲಗಣ್ಣಿನ ಪೊರೆ ತೆಗೆದರು. ಆರು ವಾರ ಕಲ್ಲಿನ ದೂಳು ಬೀಳಕೂಡದು ಎಂದು ಕೋಲಾರದ ಡಾಕ್ಟರು ಹೇಳಿದ್ದರು. ಆರು ವಾರ ಮುಗಿಯಿತು. ಡಾಕ್ಟರು ಹೊಸ ಕನ್ನಡಕ ಕೊಟ್ಟು, ಕಣ್ಣು ಚೆನ್ನಾಗಿದೆ, ಕೆಲಸ ಶುರುಮಾಡಿ ಎಂದರು. ಅಪ್ಪ ಮಾತ್ರ ಶೆಡ್ಡಿನ ಕಡೆ ಹೋಗಲಿಲ್ಲ.

ಅಲ್ಲಿ ಒಂದು ಅಮ್ಮನವರ ವಿಗ್ರಹ ನಿಂತಿತ್ತು. ಮುಳಬಾಗಿಲು ಕಡೆಯ ಒಂದು ಹಳ್ಳಿಯವರು ಹೇಳಿ ಮಾಡಿಸುತ್ತಿದ್ದದ್ದು. ನಾಲ್ಕಡಿ ಕಪ್ಪು ಕಲ್ಲು. ಪೀಠ, ಸೀರೆಯ ನೆರಿಗೆ, ಬಳೆ, ಕಿರೀಟ, ಎಲ್ಲ ಆಪರೇಷನ್ನಿಗೆ ಮೊದಲೇ ಮುಗಿದಿತ್ತು. ಮುಖದ ಜಾಗದಲ್ಲಿ ಮಾತ್ರ ಮೊಟ್ಟೆಯಂಥ ಬರೀ ಕಲ್ಲು, ಅದರ ಮೇಲೊಂದು ಗೋಣಿಚೀಲ. ಆಷಾಢಕ್ಕೆ ಮುಂಚೆ ಪ್ರತಿಷ್ಠೆ ಆಗಬೇಕು. ಮುಖದಲ್ಲಿ ಮೂಗಿನ ತುದಿಯ ಒಂದು ಚೂರು ಹಾರಿದರೂ ವಿಗ್ರಹ ಭಿನ್ನವಾಯಿತು ಎನ್ನುತ್ತಾರೆ. ಭಿನ್ನವಾದದ್ದನ್ನು ಅಂಟಿಸುವ ಹಾಗಿಲ್ಲ, ಪೂಜೆಗೆ ಕೊಡುವ ಹಾಗಿಲ್ಲ. ಏಳು ತಿಂಗಳ ಕೆಲಸ ನೀರಿನ ಪಾಲು.

"ಹತ್ತಿರದ ಗೆರೆ ಅಲ್ಲಾಡಿದಂಗೆ ಆಗುತ್ತೆ ಕಣೇ" ಎಂದು ಅಪ್ಪ ಅಮ್ಮನ ಹತ್ತಿರ ಒಮ್ಮೆ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಚಿಕ್ಕಪ್ಪನೂ ಒಳ್ಳೆಯ ಶಿಲ್ಪಿ, ಇದೇ ಊರಿನ ಆಚೆ ಬೀದಿಯಲ್ಲಿ ಅವನ ಶೆಡ್ಡು. ಅವನನ್ನು ಕರೆದು ಮುಖ ಬಿಟ್ಟುಕೊಡುವುದೋ, ತಾನೇ ಕೂರುವುದೋ ಎಂದು ಅಪ್ಪ ದಿನ ತಳ್ಳುತ್ತಿದ್ದ. ಮೂವತ್ತೆಂಟು ವರ್ಷಗಳಲ್ಲಿ ಅಪ್ಪ ಒಂದು ಮುಖವನ್ನೂ ಬೇರೆಯವರ ಕೈಗೆ ಕೊಟ್ಟವನಲ್ಲ. ಒಂದು ಸಲ ಕೊಟ್ಟರೆ ಆಮೇಲೆ ತನ್ನದು ಪೀಠ ಮಾಡುವ ಕೈ ಮಾತ್ರ ಎಂದು ಅವನಿಗೆ ಗೊತ್ತಿತ್ತು. ನಮಗೂ.

ಮೂರನೇ ಭಾನುವಾರ ಬೆಳಗ್ಗೆ ನಾನು ಹಿಟ್ಟು ಲಟ್ಟಿಸುತ್ತಿದ್ದಾಗ ಅಪ್ಪ ಒಳಗೇ ಬಂದ.

"ಎಷ್ಟು ದಪ್ಪ?"

"ನಾಲ್ಕು ಮಿಲಿಮೀಟರು."

"ಆ ಬೇಲಿ ಬೇಡ. ಇಲ್ಲಿ ಕೊಡು."

ಹಿಟ್ಟನ್ನು ಬೆರಳ ತುದಿಯಿಂದ ಒತ್ತಿ ನೋಡಿದ. ಕಲ್ಲು ಇಳಿಸಿದ ದಿನ ಅದರ ಮೈಯನ್ನು ಸವರಿ ನೋಡುವುದೂ ಹೀಗೆಯೇ. ಅಮ್ಮನ ಹತ್ತಿರ ಒಂದು ನೂಲು ಕೇಳಿ, ಅರಿಸಿನದ ನೀರಿನಲ್ಲಿ ಅದ್ದಿ, ಹಾಳೆಯ ಮೇಲೆ ಬಿಗಿಯಾಗಿ ಹಿಡಿದು ಚಟ್ ಎಂದು ಮೀಟಿದ. ನಡುವೆ ಒಂದು ಹಳದಿ ಗೆರೆ ಮೂಡಿತು. ಕಲ್ಲಿನ ಮೇಲೆ ಕೆಮ್ಮಣ್ಣಿನಲ್ಲಿ ಹೊಡೆಯುವ ನಡುಸೂತ್ರ ಅದು. ಅದಿಲ್ಲದೆ ನಮ್ಮೂರಿನಲ್ಲಿ ಯಾರೂ ಉಳಿ ಹಿಡಿಯುವುದಿಲ್ಲ. ಇನ್ನೊಂದು ಸಲ ಅಡ್ಡಕ್ಕೆ, ಆಮೇಲೆ ಮೂಲೆಯಿಂದ ಮೂಲೆಗೆ ಎರಡು. ಆ ಗೆರೆಗಳ ಮೇಲೆ ತೆಂಗಿನ ಕಡ್ಡಿಯಿಂದ ಎಂಟು ದಳದ ತಾವರೆ ಬರೆದು ಕೆತ್ತತೊಡಗಿದ. ಹಿಟ್ಟು ಮೆತ್ತಗಾದಾಗ ಮಾತಿಲ್ಲದೆ ತಟ್ಟೆಯನ್ನು ನನ್ನ ಕಡೆ ತಳ್ಳುತ್ತಿದ್ದ, ನಾನು ಫ್ರಿಜ್ಜಿನಲ್ಲಿಟ್ಟು ಹತ್ತು ನಿಮಿಷ ಬಿಟ್ಟು ಕೊಡುತ್ತಿದ್ದೆ. ಹೀಗೆ ನಾಲ್ಕು ಸಲ ಆಯಿತು.

ಮುಗಿದಾಗ ನಾನು ಬಗ್ಗಿ ನೋಡಿದೆ. ಹಿಟ್ಟಿನಲ್ಲಿ ಅಷ್ಟು ತೆಳುವಾದ ಅಂಚು ನಿಲ್ಲುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಒಂದೊಂದು ದಳವೂ ನಡುವೆ ತಗ್ಗಿ ತುದಿಯಲ್ಲಿ ಎದ್ದಿತ್ತು. ನನ್ನ ಅಭ್ಯಾಸದಂತೆ ಎಂಟನ್ನೂ ಅಳೆದು ಬರೆದುಕೊಂಡೆ. ಆಮೇಲೆ ಚಾಕು ತೆಗೆದುಕೊಂಡೆ.

"ಅದ್ಯಾಕೆ?" ಎಂದ ಅಪ್ಪ.

"ಮೇಲೆ ನಾಲ್ಕು ಸೀಳು ಹಾಕಬೇಕು. ವಿಡಿಯೋದಲ್ಲಿ ಹೇಳಿದ್ದಾರೆ. ಹಬೆ ಹೋಗೋಕೆ."

ಅಪ್ಪ ನನ್ನ ಕೈ ಹಿಡಿದ. "ಮುಗಿದಿದ್ದರ ಮೇಲೆ ಸೀಳು ಹಾಕ್ತೀಯಾ? ಭಿನ್ನ ಮಾಡಿ ಮಗೂಗೆ ಕೊಡ್ತೀಯಾ?"

"ಅಪ್ಪ, ಇದು ತಿನ್ನೋದು."

"ತಿನ್ನೋದಾದ್ರೇನು? ನನ್ನ ಕೈಯಿಂದ ಸೀಳು ಬಿಟ್ಟಿರೋದು ಯಾವುದೂ ಈ ಮನೆ ದಾಟಿಲ್ಲ."

ನಾನು ಚಾಕು ಇಟ್ಟುಬಿಟ್ಟೆ. ತಪ್ಪು ನನ್ನದೂ ಹೌದು. ಆ ತಾವರೆಗೆ ಚಾಕು ತಾಗಿಸಲು ನನಗೂ ಮನಸ್ಸಿರಲಿಲ್ಲ.

ಇಪ್ಪತ್ತೆರಡನೇ ನಿಮಿಷಕ್ಕೆ ಓವನ್ನಿನೊಳಗೆ ಟಪ್ ಎಂದಿತು. ಗಾಜಿನಲ್ಲಿ ನೋಡಿದರೆ ತಾವರೆ ಉಬ್ಬಿ, ಅಡ್ಡಲಾಗಿ ಬಿರಿದು, ಬಿರುಕಿನಿಂದ ಹಳದಿ ರಸ ಕುದಿದು ಉಕ್ಕುತ್ತಿತ್ತು. ಕೆಳಗಿನ ಕಾಯಿಸುವ ಸರಳಿನ ಮೇಲೆ ಬಿದ್ದು ಹೊಗೆ. ಅಪ್ಪ ಬಗ್ಗಿ ನೋಡಿದ, ಎದ್ದು ನಿಂತ.

"ಬಿಡು. ಗೆರೆ ಆಳ ಆಗಿದೆ. ಎಲ್ಲಿ ಕಣ್ಣು ಮೋಸ ಮಾಡ್ತೋ ಅಲ್ಲೇ ಒಡೀತು."

"ಕಣ್ಣಲ್ಲ ಅಪ್ಪ, ಹಬೆ!"

"ಹಬೆ ಅಂತೆ ಹಬೆ."

ಅಮ್ಮ ಸುಮ್ಮನಿರಲಿಲ್ಲ. "ಕುಕ್ಕರಿಗೆ ವಿಷಲ್ ಯಾಕಿಟ್ಟಿದ್ದಾರೆ ಅಂದ್ಕೊಂಡಿದ್ದೀರಿ, ಹಾಡು ಹೇಳೋಕಾ? ದಾರಿ ಬಿಡದೆ ಇದ್ರೆ ಒಡೀದೆ ಏನು ಮಾಡುತ್ತೆ?"

ಅಪ್ಪ ಹಜಾರಕ್ಕೆ ಹೋದ. ಚಿಕ್ಕಪ್ಪನಿಗೆ ಫೋನ್ ಮಾಡಿದ್ದು ಕೇಳಿಸಿತು. "ಬರೋ ಭಾನುವಾರ ಮಗೂ ಹುಟ್ಟಿದ ದಿನ ಮುಗಿಸ್ಕೊಂಡು ಬರ್ತೀವಿ. ಸೋಮವಾರ ಬೆಳಗ್ಗೆ ಬಾ. ಮುಖ ನೀನೇ ಮಾಡು."

ಫೋನಿಟ್ಟ ಮೇಲೆ ಅಪ್ಪ ತುಂಬ ಹೊತ್ತು ಅಲ್ಲೇ ಕೂತಿದ್ದ. ಅಮ್ಮ ನನ್ನ ಮುಖ ನೋಡಿದಳು. ನನಗೆ ಮಾಡಲು ಗೊತ್ತಿದ್ದದ್ದು ಒಂದೇ ಕೆಲಸ. ಆರಿದ ಪೈಯನ್ನು ಮೇಜಿನ ಮೇಲಿಟ್ಟು ಎಂಟು ದಳಗಳನ್ನೂ ಮತ್ತೆ ಅಳೆದೆ. ಬೇಯುವ ಮುಂಚೆ ಏಳು ದಳ ಮೂವತ್ತಾರು ಮಿಲಿಮೀಟರು, ಒಂದು ಮೂವತ್ತೈದೂವರೆ. ಬೆಂದ ಮೇಲೆ ಎಲ್ಲವೂ ಎರಡೆರಡು ಕುಗ್ಗಿದ್ದವು. ಬಿರುಕು ಯಾವ ಗೆರೆಯನ್ನೂ ಹಿಡಿದು ಹೋಗಿರಲಿಲ್ಲ. ಅತಿ ತೆಳುವಾದ ತಗ್ಗನ್ನೂ ಬಿಟ್ಟು, ದಪ್ಪಗಿದ್ದ ಕಡೆಯೇ ಅಡ್ಡಡ್ಡ ಹಾದುಹೋಗಿತ್ತು. ನೋಟ್‌ಬುಕ್ ಒಯ್ದು ಅಪ್ಪನ ಮುಂದಿಟ್ಟೆ.

"ನಮ್ಮ ಫ್ಯಾಕ್ಟರಿಯಲ್ಲಿ ಮಿಷಿನ್ ಮಾಡಿದ್ದೂ ಇಷ್ಟು ಸಮ ಬರಲ್ಲ ಅಪ್ಪ. ಕಣ್ಣು ಮೋಸ ಮಾಡಿದ್ರೆ ಇದು ಹೇಗೆ ಬಂತು?"

ಅಪ್ಪ ಕನ್ನಡಕ ಹಾಕಿಕೊಂಡ. ಹದಿನಾರು ಅಂಕಿಗಳನ್ನೂ ಬೆರಳಿಟ್ಟು ಓದಿದ, ಇನ್ನೊಂದು ಸಲ ಓದಿದ, ಪುಸ್ತಕ ವಾಪಸು ಕೊಟ್ಟ. ಒಡೆದ ಪೈಯನ್ನು ನಾವು ಮೂವರೂ ಚಮಚದಲ್ಲಿ ತಿಂದೆವು. ರುಚಿ ಚೆನ್ನಾಗಿತ್ತು. ಡೈರಿಯಲ್ಲಿ ಅದನ್ನೂ ಬರೆದಿದ್ದೇನೆ.

ಮಂಗಳವಾರ ನಾನು ಕೆಲಸದಿಂದ ಬಂದು ಚಪ್ಪಲಿ ಬಿಡುತ್ತಿದ್ದಾಗಲೇ ಅಪ್ಪ ಕೇಳಿದ: "ಆ ಸೀಳು ಎಷ್ಟು ಇರಬೇಕು?"

"ಇಷ್ಟೇ ಅಂತಿಲ್ಲ. ಒಟ್ಟು ನಾಲ್ಕೈದು ಕಡೆ ದಾರಿ ಇದ್ರೆ ಸಾಕು."

"ಸೀಳು ಅಂತ ಹಾಕಬಾರದು. ಚಿತ್ರದಲ್ಲೇ ಇರಬೇಕು. ಕೋಲಾರದ ದೇವಸ್ಥಾನದಲ್ಲಿ ಜಾಲಂಧ್ರ ಇಲ್ವಾ, ಕಲ್ಲಿನ ಕಿಟಕಿ? ತೂತು ತೂತೇ. ಅದನ್ನ ಯಾರಾದ್ರೂ ಭಿನ್ನ ಅಂತಾರಾ?"

ಗುರುವಾರ ಹಜಾರದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಮಾವಿನ ಕೊಂಬೆ, ಅದರ ಮೇಲೊಂದು ಗಿಣಿ ಬರೆದಿತ್ತು. ಅಮ್ಮ ಅದನ್ನು ದಾಟಿಕೊಂಡು ಓಡಾಡುತ್ತಿದ್ದಳು. ಗುಡಿಸಿರಲಿಲ್ಲ.

ಮೇ ಕೊನೆಯ ಭಾನುವಾರ ಬೆಳಗ್ಗೆ ಐದೂವರೆಗೆ ಶುರುಮಾಡಿದೆವು, ಸೆಕೆ ಏರುವ ಮುಂಚೆ ಹಿಟ್ಟಿನ ಕೆಲಸ ಮುಗಿಯಬೇಕಿತ್ತು. ಅಪ್ಪ ನೂಲು ಮೀಟಿದ. ನಾನು ಹಿಂದಿನ ವಾರ ನೋಡಿದ್ದನ್ನೇ ಮತ್ತೆ ನೋಡುತ್ತೇನೆ ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಅಂದು ಅಪ್ಪ ಹಿಟ್ಟನ್ನು ಕೆತ್ತಲಿಲ್ಲ. ತುಂಡು ತುಂಡಾಗಿ ಎಲೆ ಕತ್ತರಿಸಿ, ನೀರು ಸವರಿ, ಒಂದರ ಮೇಲೊಂದು ಕೂರಿಸಿದ. ಜೀವಮಾನವಿಡೀ ಕಲ್ಲಿನಿಂದ ತೆಗೆಯುವುದನ್ನೇ ಮಾಡಿದ ಕೈ ಅದು. ಸೇರಿಸುವುದನ್ನು ಒಂದೇ ವಾರದಲ್ಲಿ ಕಲಿತಿತ್ತು. ಎಲೆ ಎಲೆಯ ನಡುವೆ ಸಣ್ಣ ಸಂದು ಬಿಟ್ಟು ಎಲೆಗಳ ಅಡಿಯ ಹಾಳೆಯನ್ನು ಅಲ್ಲಿ ಕೊರೆದು ತೆಗೆದ. ಎಣಿಸಿದೆ, ಹನ್ನೊಂದು ಎಲೆ, ಆರು ಸಂದು. ಯಾವುದೂ ತೂತಿನಂತೆ ಕಾಣಲಿಲ್ಲ. ಎಲೆಗಳ ಹಿಂದಿನ ನೆರಳಿನಂತೆ ಕಾಣುತ್ತಿದ್ದವು. ಗಿಣಿಯ ರೆಕ್ಕೆಯ ಗರಿಗಳನ್ನು ನನ್ನ ಹೇರ್‌ಪಿನ್ನಿನ ಬಾಗಿದ ಕಡೆಯಿಂದ ಒತ್ತಿದ. ನಲವತ್ತರವರೆಗೆ ಲೆಕ್ಕ ಇಟ್ಟು ಆಮೇಲೆ ಮರೆತೆ. ನಾನು ಲೆಕ್ಕ ಮರೆಯುವವಳಲ್ಲ.

ಕೊನೆಗೆ ಗಿಣಿಯ ಕಣ್ಣು ಉಳಿಯಿತು. ಅಪ್ಪ ಒಂದು ದಬ್ಬಣ ತೆಗೆದುಕೊಂಡ. ನಾನು ಮೇಜಿನ ಆಚೆ, ಅವನ ಎದುರಿಗೆ ನಿಂತಿದ್ದೆ.

"ಎದುರಿಗೆ ನಿಲ್ಲಬೇಡ. ಪಕ್ಕಕ್ಕೆ ಬಾ."

ಈ ಮಾತನ್ನು ಚಿಕ್ಕಂದಿನಿಂದ ಶೆಡ್ಡಿನಲ್ಲಿ ಕೇಳಿದ್ದೇನೆ. ವಿಗ್ರಹದ ಕಣ್ಣು ಬಿಡಿಸುವಾಗ ಎದುರಿಗೆ ಯಾರೂ ನಿಲ್ಲಬಾರದು, ಮೊದಲ ನೋಟ ಮನುಷ್ಯರ ಮೇಲೆ ಬೀಳಬಾರದು ಎನ್ನುತ್ತಾರೆ. ಒಂದು ಪೈಯ ಮೇಲಿನ ಹಿಟ್ಟಿನ ಗಿಣಿಗೆ ಅಪ್ಪ ಆ ಮಾತು ಆಡಿದ. ಆಡಿದ್ದು ಅವನಿಗೇ ಗೊತ್ತಾಗಲಿಲ್ಲ ಅನ್ನಿಸುತ್ತದೆ. ನಾನು ಪಕ್ಕಕ್ಕೆ ಸರಿದೆ. ಒಲೆಯ ಹತ್ತಿರವಿದ್ದ ಅಮ್ಮನೂ ಸರಿದಳು. ಅಪ್ಪ ಕನ್ನಡಕ ಸರಿಮಾಡಿಕೊಂಡು, ಮುಖವನ್ನು ಹಿಟ್ಟಿನ ಹತ್ತಿರ ತಂದು, ಎರಡೂ ಕಣ್ಣು ತೆರೆದಿಟ್ಟು, ದಬ್ಬಣವನ್ನು ಒಂದು ಸುತ್ತು ತಿರುಗಿಸಿ ಎತ್ತಿದ. ಅಷ್ಟೇ. ಗಿಣಿ ನೋಡುತ್ತಿತ್ತು.

ಮೇಲೆ ಹಾಲು ಸವರಿ ಓವನ್ನಿನಲ್ಲಿಟ್ಟೆ. ಮೊದಲು ಇನ್ನೂರು ಡಿಗ್ರಿ, ಇಪ್ಪತ್ತು ನಿಮಿಷದ ಮೇಲೆ ನೂರ ಎಂಬತ್ತು. ಮೂವರೂ ನೆಲದ ಮೇಲೆ ಕೂತು ಗಾಜಿನಲ್ಲಿ ನೋಡಿದೆವು. ಹದಿನೆಂಟನೇ ನಿಮಿಷಕ್ಕೆ ಎಲೆಗಳ ಸಂದಿನಲ್ಲಿ ರಸ ಮಿನುಗಿತು, ಚಿಕ್ಕ ಚಿಕ್ಕ ಗುಳ್ಳೆ ಎದ್ದು ಒಡೆದು ಅಲ್ಲೇ ಇಳಿದವು. ಇಪ್ಪತ್ತೆರಡನೇ ನಿಮಿಷ ಬಂತು. ಅಪ್ಪನ ಕೈ ಅಮ್ಮನ ಮೊಣಕೈ ಮೇಲಿತ್ತು. ಆಗ ಗಿಣಿಯ ಕಣ್ಣಿನಿಂದ ಒಂದು ಎಳೆ ಹಬೆ ನೆಟ್ಟಗೆ ಮೇಲೆದ್ದಿತು. ನಿಲ್ಲಲಿಲ್ಲ, ನೂಲು ಬಿಚ್ಚಿದ ಹಾಗೆ ಏಳುತ್ತಲೇ ಇತ್ತು. ಅದರ ಕೆಳಗೆ ರೆಕ್ಕೆ ಮೊದಲು ಬಿಳಿಯಿಂದ ಕೆನೆಯಾಯಿತು, ಕೆನೆಯಿಂದ ಗೋಧಿಯ ಬಣ್ಣ, ಗರಿಗಳ ಅಂಚು ಮಾತ್ರ ಜೇನು.

"ಉಸಿರಾಡ್ತಾ ಇದೆ" ಎಂದಳು ಅಮ್ಮ.

ಓವನ್ ನನ್ನದು, ಅಳತೆ ನನ್ನದು, ಹಬೆ ಎಂದರೇನು ಎಂದು ಸ್ಕೂಲಿನಲ್ಲಿ ಓದಿದವಳು ನಾನು. ಆದರೂ ನಾನೂ ಗಾಜಿಗೆ ಇನ್ನಷ್ಟು ಹತ್ತಿರ ಸರಿದೆ.

ಪೈ ಆರಿದ ಮೇಲೆ ಅಪ್ಪ ರಟ್ಟಿನ ಪೆಟ್ಟಿಗೆಗೆ ರಾಗಿ ಹುಲ್ಲು ಹಾಸಿದ, ವಿಗ್ರಹಗಳನ್ನು ಲಾರಿಗೆ ಏರಿಸುವಾಗ ಹಾಸುವ ಹಾಗೆ. ಮೇಲೊಂದು ಶುಭ್ರ ಬಟ್ಟೆ. ಕೋಲಾರಕ್ಕೆ ಒಂದು ಬಸ್ಸು, ಶ್ರೀನಿವಾಸಪುರಕ್ಕೆ ಒಂದು, ಯಲ್ದೂರಿಗೆ ಒಂದು. ಮೂರರಲ್ಲೂ ಪೆಟ್ಟಿಗೆ ಅಪ್ಪನ ತೊಡೆಯ ಮೇಲೇ ಇತ್ತು. ಕಂಡಕ್ಟರು "ಏನ್ ಯಜಮಾನ್ರೇ, ಕೋಳಿಮರೀನಾ?" ಎಂದು ಕೇಳಿದ. "ಗಿಣಿ" ಎಂದ ಅಪ್ಪ. ಕಂಡಕ್ಟರು ಕಿವಿ ಇಟ್ಟು ಕೇಳಿ ಹೋದ.

ಅಕ್ಕನ ಮನೆಯ ಜಗುಲಿಯ ಮೇಲೆ ಪೆಟ್ಟಿಗೆ ಬಿಚ್ಚಿದಾಗ ಅಪ್ಪ ಪೈಯ ಸುತ್ತ ಒಂದು ಸುತ್ತು ಬಂದು ನೋಡಿದ. ಕೂದಲೆಳೆಯಷ್ಟೂ ಬಿರುಕಿಲ್ಲ. ಅಕ್ಕ ಬಾಯಿಗೆ ಸೆರಗು ಹಿಡಿದು ನಿಂತಳು. ಭಾವ ಫೋನು ತೆಗೆದವನು ಫೋಟೋ ತೆಗೆಯುವುದನ್ನೇ ಮರೆತು ನೋಡುತ್ತಿದ್ದ. ಹುಡುಗಿ ಮಾತ್ರ ಚಾಕು ಹಿಡಿದುಕೊಂಡು ತಯಾರಾಗಿದ್ದಳು.

"ತಾತ, ತಲೆ ನಂಗೆ!"

"ಇರು, ಇರು ಕಂದ. ಇಲ್ಲಿ ಎಲೆ ಕಡೆಯಿಂದ ಕತ್ತರಿಸು" ಎಂದ ಅಪ್ಪ. ಅವನ ದನಿ ಸಣ್ಣದಾಗಿತ್ತು.

"ಊಹೂಂ. ತಲೆ."

ಚಾಕು ಇಳಿಯಿತು. ಕರ್ ಎಂದು ಸದ್ದಾಯಿತು. ಗಿಣಿಯ ಕತ್ತಿನ ಕೆಳಗೆ ಒಡೆದು, ಬಿರುಕು ರೆಕ್ಕೆಯವರೆಗೂ ಓಡಿತು. ಅಪ್ಪ ಕಣ್ಣು ಮುಚ್ಚಿದ್ದನ್ನು ನಾನು ನೋಡಿದೆ. ತೆರೆದಾಗ ಹುಡುಗಿಯ ಕೆನ್ನೆಯ ತುಂಬ ಮಾವಿನ ರಸ, ಬಾಯಲ್ಲಿ ಗಿಣಿಯ ಕೊಕ್ಕು. ಇನ್ನೊಂದು ಕೈಯಲ್ಲಿದ್ದ ಚೂರನ್ನು ಅವಳು ತಾತನ ಬಾಯಿಗೆ ಹಿಡಿದಳು. ಅಪ್ಪ ತಿಂದ. ಮೆಲ್ಲಗೆ ಅಗಿದ. ಆಮೇಲೆ ನಕ್ಕುಬಿಟ್ಟ, ಹೊಟ್ಟೆ ಅಲ್ಲಾಡುವ ಹಾಗೆ. ಮಾರ್ಚಿನಿಂದ ಈಚೆಗೆ ನಾನು ಆ ನಗು ಕೇಳಿರಲಿಲ್ಲ. ಮಿಕ್ಕ ಪೈ ಒಂಬತ್ತು ನಿಮಿಷದಲ್ಲಿ ಮುಗಿಯಿತು. ತಟ್ಟೆಯಲ್ಲಿ ಎರಡು ಎಲೆ ಉಳಿದಿದ್ದವು, ಅವನ್ನೂ ಭಾವ ತೆಗೆದುಕೊಂಡ.

"ತಾತ, ನಾಳೆ ಇನ್ನೊಂದು ಮಾಡ್ಕೊಡ್ತೀಯಾ?"

"ನಾಳೆ ಆಗಲ್ಲ ಕಣಮ್ಮ" ಎಂದ ಅಪ್ಪ, ಕೈ ಒರೆಸಿಕೊಳ್ಳುತ್ತ. "ನಾಳೆ ನಂಗೆ ಅಮ್ಮನೋರ ಮುಖ ಇದೆ."

ನೀರು ತರಲು ಎದ್ದಿದ್ದ ಅಮ್ಮ ಅಲ್ಲೇ ನಿಂತಳು. ಅಪ್ಪ ಜೇಬಿನಿಂದ ಫೋನು ತೆಗೆದು ಚಿಕ್ಕಪ್ಪನಿಗೆ ಮಾಡಿದ. ಅಪ್ಪನ ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆ.

"ಲೇ, ನಾಳೆ ಬಾ. ಆದರೆ ಉಳಿ ತರಬೇಡ. ಕಲ್ಲು ತಿರುಗಿಸೋಕೆ ಒಬ್ಬರು ಬೇಕು, ಅಷ್ಟೇ. ಮುಖ ನಾನೇ ಮಾಡ್ತೀನಿ."

"ಸರೇ ಅಣ್ಣಾ" ಎಂದ ಚಿಕ್ಕಪ್ಪ. "ನಂಗೊತ್ತಿತ್ತು. ಅದಕ್ಕೇ ನಾನು ಉಳಿಗೆ ಮೊನೆ ಹಾಕಿಸೇ ಇಲ್ಲ."